14416 ಸಹಾಯವಾಣಿ ವಿಮರ್ಶೆ: ನೆರೆ, ಬರ, ಬಿಸಿಲಿನಿಂದ ಕಂಗೆಟ್ಟ ಹರೆಯದವರಿಗೆ ಟೆಲಿ-ಮಾನಸ್ ಎಷ್ಟು ಆಸರೆ?

ಟೆಲಿ-ಮಾನಸ್ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶುರುವಾಯಿತು. ದೇಶದ ಎಲ್ಲ ಕೇಂದ್ರಗಳಿಗೂ ನಿಮ್ಹಾನ್ಸ್‌ನದೇ ಮಾರ್ಗದರ್ಶನ, ತಂತ್ರಜ್ಞಾನದ ಹೊಣೆ ಬೆಂಗಳೂರಿನದೇ ಆದ ಐಐಐಟಿಯದು. ಸಂಖ್ಯೆ ಎರಡು: 14416 ಮತ್ತು 1800-891-4416. ಯಾವುದಕ್ಕೆ ಮಾಡಿದರೂ ದುಡ್ಡಿಲ್ಲ, ಹಗಲು ರಾತ್ರಿ ಎಂಬ ಭೇದವೂ ಇಲ್ಲ.

ಪರೀಕ್ಷೆಯ ಭಯಕ್ಕೆ, ಮನೆಯ ಜಗಳಕ್ಕೆ, ಕುಡಿತ ಬಿಡಿಸುವುದಕ್ಕೆ ಇಲ್ಲಿಗೆ ಕರೆ ಮಾಡಬಹುದು ಎಂಬುದು ಈಗ ಕಾಲೇಜುಗಳಲ್ಲಿ ಸಾಕಷ್ಟು ಜನರಿಗೆ ಗೊತ್ತು. ಇಲ್ಲಿ ನಾವು ನೋಡುತ್ತಿರುವುದು ಬೇರೆ ಪ್ರಶ್ನೆ. ಹೊಳೆ ಬಂದು ಮನೆ ಹೋದವರು, ಎರಡು ವರ್ಷ ಬೆಳೆ ಕೈಗೆ ಬರದ ಮನೆಯ ಮಕ್ಕಳು, ತಗಡಿನ ಸೂರಿನಡಿ ಬೇಸಿಗೆಯಿಡೀ ನಿದ್ದೆಗೆಟ್ಟವರು, ಮುಂದಿನ ಮೂವತ್ತು ವರ್ಷ ಹೇಗೋ ಏನೋ ಎಂದು ಕೊರಗುವವರು: ಹದಿನೈದರಿಂದ ಇಪ್ಪತ್ತೈದರ ಆಸುಪಾಸಿನ ಇಂಥವರಿಗೆ ಈ ಸೇವೆ ಎಷ್ಟು ಒದಗುತ್ತದೆ? ಮೊದಲ ಕರೆಗೆ, ಕನ್ನಡದಲ್ಲಿ, ಯಾವ ಹೊತ್ತಿನಲ್ಲಾದರೂ ಸಿಗುವ ಸಹಾಯ ಎಂಬ ಲೆಕ್ಕದಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಎರಡನೆಯ, ಮೂರನೆಯ ಹೆಜ್ಜೆಗೆ ಬಂದಾಗ ಎಲ್ಲವೂ ನಿಮ್ಮ ಜಿಲ್ಲೆಯ ಆಸ್ಪತ್ರೆಯ ಮೇಲೆ ನಿಂತಿದೆ. ಹಾಗಾಗಿ ಕರೆ ಮಾಡುವವರಿಗೆ ಒಂದಿಷ್ಟು ಸಿದ್ಧತೆ ಬೇಕು.

ಕರೆ ಹೇಗೆ ಸಾಗುತ್ತದೆ

ಕರೆ ಸೇರಿದ ಕೂಡಲೇ ಧ್ವನಿಮುದ್ರಿತ ಸೂಚನೆ ಬರುತ್ತದೆ. ಭಾಷೆ ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರಿಗೆ ಜೋಡಣೆಯಾಗುತ್ತದೆ. ವ್ಯವಸ್ಥೆಯಲ್ಲಿ ಎರಡು ಹಂತ. ಮೊದಲನೆಯದು ರಾಜ್ಯದ ಟೆಲಿ-ಮಾನಸ್ ಘಟಕ: ಆಪ್ತಸಮಾಲೋಚಕರು, ಅವರ ಬೆನ್ನಿಗೆ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು. ಎರಡನೆಯದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ವೈದ್ಯಕೀಯ ಕಾಲೇಜು, ಇಲ್ಲವೇ ಇ-ಸಂಜೀವಿನಿ ಮೂಲಕ ವಿಡಿಯೊ ಸಮಾಲೋಚನೆ. 2024ರ ಅಕ್ಟೋಬರ್‌ನಲ್ಲಿ ಟೆಲಿ-ಮಾನಸ್ ಆ್ಯಪ್ ಬಂತು. ವಿಡಿಯೊ ಸೌಲಭ್ಯ ಮೊದಲು ಸಿಕ್ಕ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಈ ಸಹಾಯವಾಣಿಗೆ ಬರುವ ಕರೆಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರುಗಳೆಂದರೆ ಬೇಸರ, ನಿದ್ದೆಗೇಡು, ಒತ್ತಡ, ಆತಂಕ. ‘ಹವಾಮಾನ ಬದಲಾವಣೆಯಿಂದ ತೊಂದರೆಯಾಗಿದೆ’ ಎಂದು ಯಾರೂ ಮಾತು ಶುರು ಮಾಡುವುದಿಲ್ಲ. ತೊಡಕು ಇರುವುದೇ ಇಲ್ಲಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಊರೂರೇ ಮುಳುಗಿದಾಗ ಆರನೆಯ, ಏಳನೆಯ ತರಗತಿಯಲ್ಲಿದ್ದವರು ಈಗ ಪದವಿ ಓದುವ ವಯಸ್ಸಿಗೆ ಬಂದಿದ್ದಾರೆ. ಅಂಥ ಒಬ್ಬ ಹುಡುಗಿ ಜಮಖಂಡಿ ಕಡೆಯಿಂದ ಕರೆ ಮಾಡಿದಳು ಎಂದುಕೊಳ್ಳಿ. ಅವಳು ಹೇಳುವುದು ಇಷ್ಟೇ: “ರಾತ್ರಿ ನಿದ್ದಿ ಬರೂದಿಲ್ಲರಿ. ಓದಾಕ ಕುಂತ್ರ ತಲಿಗೆ ಹತ್ತೂದಿಲ್ಲ. ಪರೀಕ್ಷಾ ಹತ್ರ ಬಂದೈತಿ.”

ಇದನ್ನು ಕೇಳಿದವರು ಪರೀಕ್ಷೆಯ ಒತ್ತಡ ಎಂದು ಬರೆದುಕೊಂಡರೆ ಅವಳಿಗೆ ಸಿಗುವುದು ಓದುವ ವೇಳಾಪಟ್ಟಿಯ ಸಲಹೆ. ಅನುಭವಿಗಳು ಇನ್ನೊಂದು ಪ್ರಶ್ನೆ ಹಾಕುತ್ತಾರೆ: “ದಿನಾ ಹಿಂಗಾಗತೈತೇನು, ಇಲ್ಲಾ ಒಮ್ಮೊಮ್ಮಿ ಏನು?” “ಮಳಿ ಜೋರಾದಾಗರಿ.” “ಯಾವಾಗಿಂದ?” “ಹೊಳಿ ಬಂದು ಮನಿ ಹ್ವಾದಾಗಿಂದರಿ.” ಮಾತಿನ ದಾರಿಯೇ ಇಲ್ಲಿಂದ ಬದಲಾಗುತ್ತದೆ. ಮಳೆಯ ಸದ್ದಿಗೆ ಎದೆ ಹೊಡೆದುಕೊಳ್ಳುವುದು, ನೆರೆಯ ಕನಸು, ಹೊಳೆಯ ದಂಡೆಗೆ ಹೋಗದೆ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು: ಇವು ಒಂದು ತಿಂಗಳಿಗೂ ಮೀರಿ ಉಳಿದು ಓದಿಗೆ, ಕೆಲಸಕ್ಕೆ ಅಡ್ಡಬಂದರೆ ಆಘಾತದ ನಂತರದ ಒತ್ತಡದ ಕಾಯಿಲೆಯೇ ಎಂದು ನೋಡಬೇಕಾಗುತ್ತದೆ. ಅದಕ್ಕೆ ಬೇರೆಯದೇ ಚಿಕಿತ್ಸೆಯಿದೆ. ಓದಿನ ವೇಳಾಪಟ್ಟಿ ಅಲ್ಲಿ ಕೆಲಸಕ್ಕೆ ಬಾರದು.

ಎಲ್ಲ ಆಪ್ತಸಮಾಲೋಚಕರೂ ಆ ಎರಡನೆಯ ಪ್ರಶ್ನೆ ಕೇಳುತ್ತಾರೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಮೊದಲ ವಾಕ್ಯದಲ್ಲೇ ಘಟನೆಯನ್ನು ಹೇಳಿಬಿಡಿ. ‘2018ರ ಭೂಕುಸಿತದಲ್ಲಿ ನಮ್ಮ ತೋಟ ಹೋಯಿತು, ಪ್ರತಿ ಆಗಸ್ಟ್‌ನಲ್ಲಿ ಹೀಗಾಗುತ್ತದೆ’ ಎಂದರೆ ಸಾಕು. ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆಯವರಿಗೆ ಆ ತಿಂಗಳು ಬಂತೆಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೆಟ್ಟದ್ದು ನಡೆದ ತಿಂಗಳು, ತಿಥಿ ಮರಳಿದಾಗ ಮೈಮನಸ್ಸು ಮತ್ತೆ ಕದಡುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ, ಅದು ಹುಚ್ಚಲ್ಲ.

ಕರೆಗೆ ಮುಂಚೆ ಒಂದು ಚೀಟಿ

ಮಾತು ಶುರುವಾದ ಮೊದಲ ಕೆಲವು ನಿಮಿಷಗಳಲ್ಲೇ ಆಚೆ ಕಡೆಯವರು ಅಪಾಯ ಎಷ್ಟಿದೆ ಎಂದು ಅಳೆಯಬೇಕು. ಅತ್ತುಕೊಂಡು ಮಾತಾಡುವಾಗ ವಿವರ ನೆನಪಿಗೆ ಬರುವುದಿಲ್ಲ. ಒಂದು ಚೀಟಿಯಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ: ಏನು ನಡೆಯಿತು, ಯಾವ ತಿಂಗಳು, ತೊಂದರೆ ಎಷ್ಟು ದಿನದಿಂದ, ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಬಿಟ್ಟಿದ್ದೀರಾ, ತರಗತಿಗೋ ಕೆಲಸಕ್ಕೋ ಹೋಗುತ್ತಿದ್ದೀರಾ, ಯಾವ ಮಾತ್ರೆ ನಡೆಯುತ್ತಿದೆ, ಈಗ ಪಕ್ಕದಲ್ಲಿ ಯಾರಿದ್ದಾರೆ. ಮಾತ್ರೆಯ ಹೆಸರನ್ನು ನೆನಪಿನಿಂದ ಹೇಳದೆ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ ನೋಡಿ ಓದಿ. ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಮಿಲಿಗ್ರಾಂ ಬೇರೆ ಬೇರೆ ಇರುತ್ತದೆ.

ದಿನಗಳ ಲೆಕ್ಕ ಏಕೆ ಮುಖ್ಯವೆಂದರೆ, ನೆರೆ ಇಳಿದ ಮೊದಲ ವಾರ ನಿದ್ದೆ ಬಾರದಿರುವುದು, ಅಳು, ಕೋಪ, ಮರಗಟ್ಟಿದಂತಾಗುವುದು ಸಹಜ. ಬಹುಪಾಲು ಜನರಲ್ಲಿ ಅದು ಆಸರೆ ಸಿಕ್ಕರೆ ತಾನಾಗಿ ಇಳಿಯುತ್ತದೆ. ಎರಡು ವಾರ ಬಿಡದೆ ದಿನದ ಹೆಚ್ಚು ಹೊತ್ತು ಮಂಕು ಕವಿದು, ಯಾವುದರಲ್ಲೂ ಮನಸ್ಸು ಹೋಗದಿದ್ದರೆ ಖಿನ್ನತೆಗಾಗಿ ನೋಡಬೇಕು.

ಆಪ್ತಸಮಾಲೋಚಕರು ಒಂದು ಪ್ರಶ್ನೆಯನ್ನು ನೇರವಾಗಿ ಕೇಳುತ್ತಾರೆ: ಸಾಯಬೇಕು ಅನಿಸಿದೆಯಾ? ಪಕ್ಕದಲ್ಲಿ ಕೂತ ತಂದೆತಾಯಿ ಇದಕ್ಕೆ ಗಾಬರಿಯಾಗಿ ಫೋನು ಕಸಿದುಕೊಳ್ಳಬಾರದು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆ ಹೊರಗೆ ಬರಲು ಬಾಗಿಲು ತೆರೆಯುತ್ತದೆ. ಉತ್ತರ ಹೌದು ಎಂದಾದರೆ ಆ ಮಗುವನ್ನು ಒಂಟಿಯಾಗಿ ಬಿಡಬಾರದು. ರೈತರ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿಯನ್ನು ಅಂದೇ ಮನೆಯಿಂದ ಹೊರಗೆ, ಬೇರೆಯವರ ಬೀಗದಡಿ ಇಡಿಸಬೇಕು. ಇಷ್ಟು ಸರಳ ಕೆಲಸ ಜೀವ ಉಳಿಸುತ್ತದೆ ಎಂಬುದಕ್ಕೆ ಹಲವು ದೇಶಗಳಲ್ಲಿ ಗಟ್ಟಿ ಆಧಾರವಿದೆ. ಅಪಾಯ ಕಣ್ಣೆದುರಿಗೇ ಇದ್ದರೆ 14416ರಲ್ಲಿ ಕಾಯುತ್ತ ಕೂರದೆ 112 ಅಥವಾ 108ಕ್ಕೆ ಕರೆ ಮಾಡಿ. ಹದಿನೆಂಟು ತುಂಬದ ಮಕ್ಕಳಿಗೆ 1098 ಕೂಡ ಇದೆ.

ಹೆಸರು ಹೇಳಲು ಮನಸ್ಸಿಲ್ಲದಿದ್ದರೆ ಹಾಗೆಂದು ತಿಳಿಸಿ, ಆದರೆ ಜಿಲ್ಲೆ ಮತ್ತು ತಾಲ್ಲೂಕನ್ನು ಖಂಡಿತ ಹೇಳಿ. ಅದಿಲ್ಲದೆ ಹತ್ತಿರದ ಆಸ್ಪತ್ರೆಯನ್ನು ಸೂಚಿಸಲು ಅವರಿಗೆ ಆಗುವುದಿಲ್ಲ.

ಬಿಸಿಲು ಮತ್ತು ಮಾತ್ರೆ

ಈ ವಿಷಯಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇವೆ, ಯಾಕೆಂದರೆ ಇದರ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ, ಅಪಾಯ ಮಾತ್ರ ದೊಡ್ಡದು. ಕಲಬುರಗಿ, ರಾಯಚೂರು, ಯಾದಗಿರಿಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42, 43 ಡಿಗ್ರಿ ಹೊಸದಲ್ಲ. ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುವ ಪದ್ಧತಿ ಅಲ್ಲಿದೆ. ಈಗ ಹೆಚ್ಚುತ್ತಿರುವ ಕಾಟ ರಾತ್ರಿಯದು. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಹಗಲಿಡೀ ಕಾದ ಕಾಂಕ್ರೀಟು, ತಗಡು ರಾತ್ರಿ ಆ ಶಾಖವನ್ನು ಕೋಣೆಯೊಳಕ್ಕೆ ಬಿಡುತ್ತಿರುತ್ತದೆ, ಮೈ ತಣಿಯುವುದೇ ಇಲ್ಲ. ಹೀಗೆ ನಾಲ್ಕು ರಾತ್ರಿ ಕಳೆದರೆ ಗಟ್ಟಿಮುಟ್ಟಾದವರಿಗೂ ಸಿಟ್ಟು, ಅಳು, ಮರೆವು ಬರುತ್ತದೆ. ಮೊದಲೇ ಮನಸ್ಸಿನ ಕಾಯಿಲೆ ಇದ್ದವರಿಗೆ, ಅದರಲ್ಲೂ ಉನ್ಮಾದ-ಖಿನ್ನತೆ ಎರಡೂ ಬರುವ ಬೈಪೋಲಾರ್ ಇರುವವರಿಗೆ, ನಿದ್ದೆ ಕೆಡುವುದೇ ಕಾಯಿಲೆ ಮರುಕಳಿಸಲು ಸಾಕು.

ಇದರ ಜೊತೆಗೆ ಮಾತ್ರೆಗಳ ಸಮಸ್ಯೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ವಿಪರೀತ ಬೆವರಿ, ನೀರು ಕಡಿಮೆ ಕುಡಿದರೆ, ಮೂತ್ರಪಿಂಡವು ಉಪ್ಪಿನಂಶವನ್ನು ಹಿಡಿದಿಟ್ಟುಕೊಳ್ಳುವಾಗ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗುತ್ತದೆ. ಬಿಸಿಲಿಗೆ ತಲೆನೋವು ಬಂತೆಂದು ಅಂಗಡಿಯಿಂದ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್ ತಂದು ನುಂಗಿದರೆ ಇನ್ನೂ ಬೇಗ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ-ಭೇದಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ದು, ರಕ್ತದಲ್ಲಿ ಲಿಥಿಯಂ ಪರೀಕ್ಷೆ ಮಾಡಿಸಬೇಕು. ಲಿಥಿಯಂ ನಡೆಯುವಾಗ ಯಾರದೋ ಮಾತು ಕೇಳಿ ಉಪ್ಪನ್ನು ಒಮ್ಮೆಲೇ ಬಿಡಲೂಬಾರದು. ಓಲಾಂಜಪಿನ್, ಕ್ಲೋಜಪಿನ್‌ನಂಥವು, ಅಡ್ಡಪರಿಣಾಮ ತಡೆಯಲು ಕೊಡುವ ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್ ಇವು ಬೆವರನ್ನು ಕಡಿಮೆ ಮಾಡುತ್ತವೆ ಅಥವಾ ಮೈ ಶಾಖವನ್ನು ಹತೋಟಿಯಲ್ಲಿಡುವ ಶಕ್ತಿಯನ್ನು ಕುಗ್ಗಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಬಿಸಿಲಿಗಿಂತ ದೊಡ್ಡ ಅನಾಹುತವಾದೀತು.

ಟೆಲಿ-ಮಾನಸ್ ನಿಜವಾಗಿ ಕೈಹಿಡಿಯುವುದು ಇಂಥ ಕಡೆ. ರಾತ್ರಿ ಹನ್ನೊಂದಕ್ಕೆ ನಿಮ್ಮ ವೈದ್ಯರು ಸಿಗುವುದಿಲ್ಲ, ಮೆಡಿಕಲ್ ಅಂಗಡಿಯವರನ್ನು ಕೇಳುವ ವಿಷಯವೂ ಇದಲ್ಲ. ಕರೆ ಮಾಡಿ ಮಾತ್ರೆಯ ಹೆಸರು, ಪ್ರಮಾಣ, ಆ ದಿನ ಎಷ್ಟು ನೀರು ಕುಡಿದದ್ದು, ಮೂತ್ರದ ಬಣ್ಣ ಕಡು ಹಳದಿಯೇ ಎಂಬುದನ್ನು ಹೇಳಿ, ‘ಮನೋವೈದ್ಯರ ಜೊತೆ ಮಾತಾಡಬೇಕು’ ಎಂದು ಸ್ಪಷ್ಟವಾಗಿ ಕೇಳಿ. ಆಪ್ತಸಮಾಲೋಚಕರು ಮಾತ್ರೆ ಬದಲಿಸುವಂತಿಲ್ಲ. ವೈದ್ಯರ ಹಂತಕ್ಕೆ ದಾಟಿಸುವುದು ಅವರ ಕೆಲಸ, ಆದರೆ ನೀವು ಕೇಳದಿದ್ದರೆ ಮಾತು ಸಮಾಧಾನದಲ್ಲೇ ಮುಗಿಯುವ ಸಾಧ್ಯತೆಯಿದೆ. ಮಲಗುವ ಮುನ್ನ ಮೈಗೆ ನೀರು ಚಿಮುಕಿಸಿಕೊಂಡು ಫ್ಯಾನು ಹಾಕುವುದು, ಕಾಲನ್ನು ಬಕೆಟ್ ನೀರಿನಲ್ಲಿ ಹದಿನೈದು ನಿಮಿಷ ಇಡುವುದು, ಹಗಲು ಕಿಟಕಿಯ ಹೊರಬದಿಗೆ ಒದ್ದೆ ಗೋಣಿ ಕಟ್ಟುವುದು ಇವೆಲ್ಲ ಹಳೆಯವಾದರೂ ಕೆಲಸ ಮಾಡುತ್ತವೆ. ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದಾಗ ಒಣ ಮೈಗೆ ಫ್ಯಾನು ಹಾಕಿದರೆ ಮೈ ತಣಿಯದೆ ಇನ್ನಷ್ಟು ಕಾಯುತ್ತದೆ.

ಕರೆಯಿಂದ ಆಸ್ಪತ್ರೆಗೆ: ಸೋರುವ ಜಾಗ

ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಜಿಲ್ಲೆಗೆ ಇಳಿಸಬಹುದು ಎಂದು ದೇಶಕ್ಕೆ ತೋರಿಸಿದ್ದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ಇಷ್ಟಿದ್ದರೂ ಫೋನಿನಲ್ಲಿ ‘ಜಿಲ್ಲಾಸ್ಪತ್ರೆಗೆ ಹೋಗಿ ತೋರಿಸಿ’ ಎಂದ ಮಾತು ಮತ್ತು ನಿಜವಾಗಿ ವೈದ್ಯರೆದುರು ಕೂರುವುದರ ನಡುವೆ ಬಹಳ ಮಂದಿ ಜಾರಿಹೋಗುತ್ತಾರೆ. ಕಾರಣಗಳು ತೀರ ಸಾಮಾನ್ಯ: ಬಸ್ಸಿನ ಖರ್ಚು, ಕೂಲಿ ಬಿಡಬೇಕಾಗುವುದು, ಯಾವ ಕೋಣೆ ಎಂದು ಗೊತ್ತಿಲ್ಲದಿರುವುದು, ‘ಮನೋರೋಗ ವಿಭಾಗ’ ಎಂಬ ಹಲಗೆಯೆದುರು ಊರಿನವರು ನೋಡಿಯಾರು ಎಂಬ ಅಳುಕು.

ಆದ್ದರಿಂದ ಫೋನು ಇಡುವ ಮುನ್ನ ಕೇಳಿ ಬರೆದುಕೊಳ್ಳಿ: ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ವಿಭಾಗ, ಅಲ್ಲಿ ಯಾರನ್ನು ಕೇಳಬೇಕು. ತಾಲ್ಲೂಕು ಆಸ್ಪತ್ರೆಗೆ ಹೋಗುವ ಹಿಂದಿನ ದಿನವೇ ಕರೆ ಮಾಡಿ ಆ ಮಂಗಳವಾರ ವೈದ್ಯರು ಬರುತ್ತಾರೋ ಇಲ್ಲವೋ ಖಚಿತಪಡಿಸಿಕೊಳ್ಳಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಜೊತೆಗೆ ಬರುವುದೂ ಉಂಟು. ಫೋನಿನ ಮೂಲಕ ಕೆಲವು ಔಷಧಿಗಳನ್ನು ಬರೆಯಲು ನಿಯಮವೇ ಅವಕಾಶ ಕೊಡುವುದಿಲ್ಲ, ಮುಖಾಮುಖಿಯೇ ಆಗಬೇಕು. ಅದನ್ನು ಆಚೆ ಕಡೆಯವರ ಅಸಡ್ಡೆ ಎಂದು ತಿಳಿಯಬಾರದು. ಹದಿನೆಂಟು ತುಂಬದವರ ಚಿಕಿತ್ಸೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಮಾತಾಡಿ ಹಗುರಾಗಲು ಮಾಡುವ ಮೊದಲ ಕರೆಗೆ ಹುಡುಗರು ಈ ಕಾರಣಕ್ಕೆ ಹಿಂಜರಿಯಬೇಕಿಲ್ಲ.

ಇನ್ನೊಂದು ಕೊರತೆ ಸೇವೆಯ ಸ್ವಭಾವದಲ್ಲೇ ಇದೆ. ಬರದ ಮನೆಯ ಮಗನಿಗೆ ನಿದ್ದೆ ಕೆಡಿಸುವುದು ಅಪ್ಪನ ಸಾಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಆ ವರ್ಷ ಪಿಯು ಮುಗಿಸಿದ ಎಷ್ಟು ಮಕ್ಕಳ ಮುಂದಿನ ಓದು ಮನೆಯ ಲೆಕ್ಕದಲ್ಲಿ ಕಳೆದುಹೋಯಿತು ಎಂಬುದನ್ನು ಹಳ್ಳಿಯ ಅಧ್ಯಾಪಕರು ಬಲ್ಲರು. ಉಸಿರನ್ನು ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ ಬಿಡುವ ಅಭ್ಯಾಸ ಎದೆಬಡಿತವನ್ನು ಇಳಿಸುತ್ತದೆ, ಸಾಲವನ್ನಲ್ಲ. ಇಂಥ ಕರೆಗಳಿಗೆ ಮಾತಿನ ಜೊತೆ ದಾರಿಯನ್ನೂ ತೋರಿಸುವಂತಾಗಬೇಕು. ಬೆಳೆ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ 2022–26ರ ವಿಪತ್ತು ಪರಿಹಾರದ ಮಾನದಂಡದಂತೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500, ಗರಿಷ್ಠ ಎರಡು ಹೆಕ್ಟೇರಿಗೆ ಎಂದು ನಿಗದಿಯಾಗಿತ್ತು. ದುಡ್ಡು ಬಾರದೆ ಸಿಕ್ಕಿಬೀಳುವುದು ಸಾಮಾನ್ಯವಾಗಿ ಮೂರು ಕಡೆ: ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರುವುದಿಲ್ಲ, ರಾಜ್ಯದ ರೈತರ ದಾಖಲೆಯಾದ ಫ್ರೂಟ್ಸ್ ನೋಂದಣಿಯಲ್ಲಿ ಎಲ್ಲ ಸರ್ವೆ ನಂಬರು ಸೇರಿರುವುದಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಮನೆಯಲ್ಲಿ ಮೊಬೈಲು ಬಲ್ಲ, ಓದಿದ ಮಗ ಅಥವಾ ಮಗಳೇ ಗ್ರಾಮ ಆಡಳಿತ ಅಧಿಕಾರಿಯ ಬಳಿ, ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನು ಸರಿಪಡಿಸಿಕೊಡಬಹುದು. ಕೈಲಾಗದವನು ಎಂದು ಕುಗ್ಗಿದ ಹುಡುಗನಿಗೆ ಈ ಓಡಾಟವೇ ಎಷ್ಟೋ ಸಲ ಅರ್ಧ ಔಷಧಿ. ಆಪ್ತಸಮಾಲೋಚಕರ ಮೇಜಿನ ಮೇಲೆ ಈ ಮಾಹಿತಿಯ ಒಂದು ಹಾಳೆ ಇರಬೇಕು ಎಂಬುದು ನಮ್ಮ ಬಲವಾದ ಅನಿಸಿಕೆ.

ಇನ್ನೂ ಬಾರದ ದಿನಗಳ ಭಯ

ಏನೂ ಕಳೆದುಕೊಳ್ಳದಿದ್ದರೂ ಮುಂದಿನದನ್ನು ನೆನೆದು ನರಳುವವರ ಗುಂಪು ಬೇರೆಯೇ ಇದೆ, ಹೆಚ್ಚಾಗಿ ನಗರದವರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸಾಲು ನಿಂತು, ಏಪ್ರಿಲ್ ಕೊನೆಗೆ ತಾಪಮಾನ 38.5 ಡಿಗ್ರಿ ಮುಟ್ಟಿದಾಗ ‘ಈ ಊರಿನಲ್ಲಿ ಬದುಕು ಕಟ್ಟಿಕೊಳ್ಳುವುದೇ ಸುಳ್ಳು’ ಎಂಬ ಮಾತು ಕಾಲೇಜು ಮಕ್ಕಳ ಬಾಯಲ್ಲಿ ಕೇಳಿಬರುತ್ತಿತ್ತು. ಇದು ನಮ್ಮಲ್ಲಷ್ಟೇ ಇರುವ ಭಾವನೆಯಲ್ಲ. 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕೆ ಹತ್ತು ದೇಶಗಳ 16ರಿಂದ 25 ವರ್ಷದ 10,000 ಮಂದಿಯನ್ನು ಮಾತಾಡಿಸಿದ್ದರು, ಅದರಲ್ಲಿ ಭಾರತದವರೂ ಇದ್ದರು. ಹವಾಮಾನದ ಬಗ್ಗೆ ತುಂಬಾ ಅಥವಾ ವಿಪರೀತ ಚಿಂತೆಯಿದೆ ಎಂದವರು ಶೇಕಡಾ 59. ಆ ಚಿಂತೆ ದಿನನಿತ್ಯದ ಬದುಕನ್ನೇ ಕೆಡಿಸಿದೆ ಎಂದವರು ಶೇಕಡಾ 45ಕ್ಕೂ ಹೆಚ್ಚು. ಸರ್ಕಾರಗಳು ಮಾಡಬೇಕಾದ್ದನ್ನು ಮಾಡುತ್ತಿಲ್ಲ, ದೊಡ್ಡವರು ನಮಗೆ ಮೋಸ ಮಾಡಿದರು ಎಂಬ ಭಾವನೆಯೂ ಈ ಸಂಕಟದ ಜೊತೆ ಹೆಣೆದುಕೊಂಡಿತ್ತು.

ಸಹಾಯವಾಣಿಗೆ ಇಲ್ಲೇ ಕಠಿಣ ಪರೀಕ್ಷೆ. ‘ಅಷ್ಟೆಲ್ಲ ಯೋಚನೆ ಮಾಡಬೇಡಪ್ಪ, ಓದಿನ ಕಡೆ ಗಮನ ಕೊಡು’ ಎಂದರೆ ಹುಡುಗ ಮತ್ತೆ ಕರೆ ಮಾಡುವುದಿಲ್ಲ, ಯಾಕೆಂದರೆ ಅವನು ಹೆದರಿರುವುದು ಇರುವ ಸಂಗತಿಗೇ. ಈ ಚಿಂತೆಯನ್ನು ಕಾಯಿಲೆ ಎಂದು ಹೆಸರಿಸುವುದೂ ತಪ್ಪು, ಚಿಂತೆಯೇ ಅಲ್ಲ ಎಂದು ತಳ್ಳುವುದೂ ತಪ್ಪು. ಒಳ್ಳೆಯ ಆಪ್ತಸಮಾಲೋಚಕರು ಮೊದಲು ಒಪ್ಪುತ್ತಾರೆ, ನೀನು ಹೇಳುತ್ತಿರುವುದು ನಿಜ ಎನ್ನುತ್ತಾರೆ. ಆಮೇಲೆ ನಿದ್ದೆ, ಊಟ, ಗೆಳೆಯರು, ತರಗತಿ ಎಷ್ಟು ಕೆಟ್ಟಿದೆ ಎಂದು ನೋಡುತ್ತಾರೆ. ಅದೆಲ್ಲ ನಡೆಯುತ್ತಿದ್ದರೆ ಚಿಕಿತ್ಸೆಗಿಂತ ಜೊತೆಗಾರರು ಬೇಕು. ಸ್ವೀಡನ್ನಿನಲ್ಲಿ ಮಕ್ಕಳ ಮೇಲೆ ನಡೆದ ಸಂಶೋಧನೆ ಒಂದು ಮುಖ್ಯ ಎಚ್ಚರಿಕೆ ಕೊಡುತ್ತದೆ. ‘ನಾನೊಬ್ಬನೇ ಏನಾದರೂ ಮಾಡಿ ಸರಿಮಾಡಬೇಕು’ ಎಂದು ಹೊತ್ತುಕೊಂಡ ಮಕ್ಕಳಲ್ಲಿ ಸಂಕಟ ಕಡಿಮೆಯಾಗುವ ಬದಲು ಹೆಚ್ಚೇ ಕಂಡಿತ್ತು. ಅರ್ಥ ಕಂಡುಕೊಂಡವರು, ಬೇರೆಯವರೂ ದುಡಿಯುತ್ತಿದ್ದಾರೆ ಎಂದು ನಂಬಿದವರು ತಡೆದುಕೊಂಡಿದ್ದರು. ಹಾಗಾಗಿ ‘ಗಿಡ ನೆಡು’ ಎಂಬ ಸಲಹೆಯೊಂದೇ ಸಾಲದು. ಊರಿನ ಕೆರೆ ನೋಡಿಕೊಳ್ಳುವ ಗುಂಪು, ಮಳೆನೀರು ಹಿಡಿಯುವ ಕಾಲೇಜಿನ ತಂಡ, ಹೀಗೆ ಯಾರೊಡನೆ ಸೇರಬಹುದು ಎಂದು ಹೇಳಬೇಕು. ಸುದ್ದಿ ನೋಡಲು ದಿನಕ್ಕೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಿಕೊಂಡು, ರಾತ್ರಿ ಒಂಬತ್ತರ ಮೇಲೆ ನೋಡದಿರುವುದು ನಿದ್ದೆಗೆ ಒಳ್ಳೆಯದು.

ಮಳೆಯ ಮುನ್ಸೂಚನೆಗೂ ಇದೇ ಮಾತು ಸಲ್ಲುತ್ತದೆ. ವಾಟ್ಸಾಪಿನಲ್ಲಿ ಓಡಾಡುವ ಹಳೆಯ ವಿಡಿಯೊಗಳು ನೆರೆ ಕಂಡ ಮಕ್ಕಳನ್ನು ಹೈರಾಣು ಮಾಡುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ, 92433 45433, ನಿಮ್ಮ ಹೋಬಳಿಯ ಮಳೆಯ ಸ್ಥಿತಿಯನ್ನು ಕನ್ನಡದಲ್ಲೇ ಹೇಳುತ್ತದೆ. ನಂಬುವ ಮೂಲ ಒಂದೇ ಇರಲಿ. ದಾಖಲೆಗಳ ಪ್ಲಾಸ್ಟಿಕ್ ಚೀಲ, ಟಾರ್ಚು, ಒಂದು ವಾರದ ಮಾತ್ರೆ, ಎಲ್ಲಿಗೆ ಹೋಗಬೇಕು, ದನಕರು ಬಿಚ್ಚುವವರು ಯಾರು ಎಂದು ಮನೆಯವರೆಲ್ಲ ಮಕ್ಕಳನ್ನೂ ಕೂಡಿಸಿಕೊಂಡು ಮಳೆಗಾಲಕ್ಕೆ ಮೊದಲೇ ತೀರ್ಮಾನಿಸಿದರೆ, ಮೋಡ ಕವಿದಾಗಿನ ನಡುಕ ಎಷ್ಟೋ ಇಳಿಯುತ್ತದೆ.

ಕಾಳಜಿ ಕೇಂದ್ರದಲ್ಲಿ ಫೋನು ಸಾಲದು

ನೆರೆ ಬಂದ ದಿನವೇ 14416 ಕೈಗೆಟುಕುವುದು ಕಷ್ಟ. ಕರೆಂಟು ಹೋಗಿರುತ್ತದೆ, ಟವರು ಬಿದ್ದಿರುತ್ತದೆ, ಇಡೀ ಮನೆಗೆ ಉಳಿದದ್ದು ಒಂದೇ ಫೋನು, ಸುತ್ತ ನೂರು ಜನ. ಸಂತ್ರಸ್ತರು ತಂಗುವ ಕಾಳಜಿ ಕೇಂದ್ರದಲ್ಲಿ ಆಗ ಬೇಕಾದ್ದು ಶಾಲೆಯ ಮೇಷ್ಟ್ರು, ಅಂಗನವಾಡಿಯವರು, ಯುವಕ ಸಂಘದವರು ಮಾಡಬಹುದಾದ ಮಾನಸಿಕ ಪ್ರಥಮ ಚಿಕಿತ್ಸೆ: ಯಾರು ಹೆಚ್ಚು ಕಂಗಾಲಾಗಿದ್ದಾರೆ ಎಂದು ನೋಡುವುದು, ಅವರು ಹೇಳಿದಷ್ಟನ್ನು ಕೇಳುವುದು, ಬೇಕಾದ ನೆರವಿಗೆ ಜೋಡಿಸುವುದು. ‘ಏನಾಯ್ತು ಹೇಳು, ಅತ್ತುಬಿಡು’ ಎಂದು ಕೆದಕಿ ಹೇಳಿಸುವುದು ಒಳ್ಳೆಯದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಟಿವಿ ಕ್ಯಾಮೆರಾ ಮುಂದೆ ಮಗುವಿನಿಂದ ಅದನ್ನೇ ನಾಲ್ಕು ಸಲ ಹೇಳಿಸುವುದು ಇನ್ನೂ ಕೆಟ್ಟದ್ದು. ಹದಿಹರೆಯದವರಿಗೆ ಕೆಲಸ ಕೊಡಿ: ಊಟ ಬಡಿಸುವುದು, ಚಿಕ್ಕವರನ್ನು ಆಡಿಸುವುದು, ಪಟ್ಟಿ ಬರೆಯುವುದು. ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಸ್ಯಾನಿಟರಿ ಪ್ಯಾಡು, ರಾತ್ರಿ ಬೆಳಕಿರುವ ಶೌಚಾಲಯ ಇಲ್ಲದ ಕಡೆ ಆಪ್ತಸಮಾಲೋಚನೆಯ ಮಾತೇ ಬೇಡ. ಎರಡು-ಮೂರನೆಯ ವಾರದಲ್ಲಿ, ಜನ ಮನೆಗೆ ಮರಳಿ ಕೆಸರು ಬಳಿಯುವಾಗ, ಫೋನಿನ ಕೆಲಸ ಶುರುವಾಗುತ್ತದೆ. ಆಗ ಹೆಡ್‌ಮಾಸ್ಟರ ಕೋಣೆಯನ್ನು ಸಂಜೆ ಒಂದು ಗಂಟೆ ಕರೆಗಾಗಿ ಬಿಟ್ಟುಕೊಟ್ಟರೆ ದೊಡ್ಡ ಉಪಕಾರ.

ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡಿಗರೂ ಇದೇ ಸಂಖ್ಯೆ ಬಳಸಬಹುದು, ಭಾಷೆ ಆರಿಸುವಾಗ ಕನ್ನಡ ಎಂದು ಕೇಳಿದರಾಯಿತು. ಹೊರದೇಶದಿಂದ ಇಂಥ ಕಿರುಸಂಖ್ಯೆಗಳನ್ನು ನೆಚ್ಚಿಕೊಳ್ಳಬೇಡಿ, ಅಲ್ಲಿನದನ್ನೇ ಹಿಡಿಯಿರಿ, ಅಮೆರಿಕದಲ್ಲಾದರೆ 988.

ಒಟ್ಟಿನಲ್ಲಿ ನಾವು ಇದನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇವೆ, ಮೊದಲ ಕರೆಗೆ ಮತ್ತು ಮಾತ್ರೆಯ ತುರ್ತು ಸಂದೇಹಗಳಿಗೆ. ಸೇವೆ ನಡೆಸುವವರಲ್ಲಿ ನಮ್ಮದು ಎರಡು ಕೋರಿಕೆ. ನಿದ್ದೆ, ಆತಂಕದ ದೂರು ಬಂದಾಗ ‘ನಿಮ್ಮ ಊರಿನಲ್ಲಿ ನೆರೆ, ಬರ, ಕುಸಿತ ಆಗಿತ್ತಾ’ ಎಂಬ ಒಂದು ಪ್ರಶ್ನೆಯನ್ನು ಎಲ್ಲ ಕರೆಗಳಲ್ಲೂ ಕೇಳುವಂತಾಗಲಿ. ಜುಲೈ, ಆಗಸ್ಟ್ ತಿಂಗಳಲ್ಲಿ ಕೃಷ್ಣಾ ತೀರದ ಮತ್ತು ಮಲೆನಾಡಿನ ಕುಸಿತ ವಲಯದ ಪಿಯು ಕಾಲೇಜುಗಳಿಗೆ, ಅವರು ಕರೆ ಮಾಡಲಿ ಎಂದು ಕಾಯದೆ, ಘಟಕದವರೇ ವಾರಕ್ಕೊಮ್ಮೆ ಕರೆ ಮಾಡಲಿ.